ಸವೆದ ಡಿಸ್ಕ್‌ಗೆ ಕೋಶ ಚಿಕಿತ್ಸೆ: ಪಿಆರ್‌ಪಿ, ಮಜ್ಜೆ, ದಾನಿ ಕೋಶ – ಯಾವುದು ಯಾರಿಗೆ?

ಸೊಂಟನೋವಿಗೆ ‘ಸ್ಟೆಮ್ ಸೆಲ್ ಇಂಜೆಕ್ಷನ್’ ಕೊಡುತ್ತೇವೆ ಎಂದಾಗ ಸಿರಿಂಜಿನೊಳಗೆ ಏನಿರುತ್ತದೆ ಎಂಬುದು ಒಂದೊಂದು ಕಡೆ ಒಂದೊಂದು. ಕೆಲವೆಡೆ ಅದು ರೋಗಿಯ ರಕ್ತದಿಂದಲೇ ಬೇರ್ಪಡಿಸಿದ ಪ್ಲೇಟ್‌ಲೆಟ್ (ಪಿಆರ್‌ಪಿ). ಕೆಲವೆಡೆ ಸೊಂಟದ ಮೂಳೆಯಿಂದ ಹೀರಿ ಸಾಂದ್ರಗೊಳಿಸಿದ ಮಜ್ಜೆ, ಇನ್ನು ಕೆಲವೆಡೆ ಹೊಟ್ಟೆಯ ಕೊಬ್ಬು. ದೊಡ್ಡ ಕ್ಲಿನಿಕಲ್ ಟ್ರಯಲ್‌ಗಳಲ್ಲಿ ಬಳಸಿದ್ದು ಇವ್ಯಾವುದೂ ಅಲ್ಲ. ದಾನಿಯ ಕೋಶಗಳನ್ನು ಲ್ಯಾಬಿನಲ್ಲಿ ವಾರಗಟ್ಟಲೆ ಬೆಳೆಸಿ, ಎಣಿಸಿ, ಹೆಪ್ಪುಗಟ್ಟಿಸಿಟ್ಟ ಸೀಸೆ ಅದು. ಒಂದರ ಫಲಿತಾಂಶ ತೋರಿಸಿ ಇನ್ನೊಂದನ್ನು ಮಾರುವುದು ಈ ಕ್ಷೇತ್ರದ ಅತಿ ದೊಡ್ಡ ಕೆಡುಕು. ಬೆನ್ನುಮೂಳೆಗಳ ನಡುವಿನ ಮೆತ್ತೆಯೇ ಡಿಸ್ಕ್; ಅದು ಸವೆದರೆ ಹಾಕಲೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆಗಲಿ, ನಮ್ಮ ಔಷಧ ಮಹಾನಿಯಂತ್ರಕರಾಗಲಿ ಒಪ್ಪಿಗೆ ಕೊಟ್ಟ ಕೋಶ ಔಷಧ ಇನ್ನೂ ಒಂದೂ ಇಲ್ಲ. ಇದನ್ನು ತಲೆಯಲ್ಲಿಟ್ಟುಕೊಂಡೇ ಮುಂದಿನದನ್ನು ಓದಬೇಕು.

ಡಿಸ್ಕ್‌ನೊಳಗೆ ಕೋಶ ಬದುಕುವುದೇ ಕಷ್ಟ

ಡಿಸ್ಕ್‌ನ ನಡುವೆ ನೀರು ಹಿಡಿದಿಟ್ಟುಕೊಳ್ಳುವ ಲೋಳೆಯಂಥ ತಿರುಳು, ಅದರ ಸುತ್ತ ಪದರ ಪದರವಾಗಿ ನಾರಿನ ಉಂಗುರ, ಮೇಲೆ ಕೆಳಗೆ ಎಂಡ್‌ಪ್ಲೇಟ್ ಎಂದು ಕರೆಯುವ ಮೃದು ಎಲುಬಿನ ತೆಳು ತಟ್ಟೆಗಳು. ವಯಸ್ಕರ ತಿರುಳಿನೊಳಗೆ ರಕ್ತನಾಳ ಇಲ್ಲ. ನಡುಮಧ್ಯದ ಕೋಶಕ್ಕೆ ಹತ್ತಿರದ ರಕ್ತನಾಳ 7–8 ಮಿಲಿಮೀಟರ್ ದೂರದಲ್ಲಿರಬಹುದು. ಆಮ್ಲಜನಕವೂ ಗ್ಲೂಕೋಸೂ ಎಂಡ್‌ಪ್ಲೇಟ್ ಮೂಲಕ ಜಿನುಗಿಯೇ ಒಳಗೆ ಬರಬೇಕು, ಲ್ಯಾಕ್ಟಿಕ್ ಆಮ್ಲ ಅದೇ ದಾರಿಯಲ್ಲಿ ಹೊರಗೆ ಹೋಗಬೇಕು. ವಯಸ್ಸು, ಸಿಗರೇಟು, ಎಂಡ್‌ಪ್ಲೇಟ್‌ನಲ್ಲಿ ಕ್ಯಾಲ್ಸಿಯಂ ಕಟ್ಟುವುದು, ಇವೆಲ್ಲ ಸೇರಿ ಆ ದಾರಿಯನ್ನು ಮುಚ್ಚುತ್ತವೆ. ಆಗ ತಿರುಳು ಹುಳಿಯಾಗುತ್ತದೆ: ಒಳ್ಳೆಯ ಡಿಸ್ಕ್‌ನ ಪಿಎಚ್ 7ರ ಆಸುಪಾಸು ಇದ್ದರೆ, ಬಹಳ ಕೆಟ್ಟ ಡಿಸ್ಕ್‌ನಲ್ಲಿ 6.5ರ ಹತ್ತಿರಕ್ಕೆ ಇಳಿಯುತ್ತದೆ.

‘ಹೆಚ್ಚು ಕೋಶ ಹಾಕಿದರೆ ಹೆಚ್ಚು ಲಾಭ’ ಎಂಬ ಮಾತು ಇಲ್ಲಿ ಸಲ್ಲದು ಎನ್ನುವುದಕ್ಕೆ ಇದೇ ಕಾರಣ. ತಿರುಳಿನ ಒಂದು ಘನ ಸೆಂಟಿಮೀಟರಿನಲ್ಲಿ ಸಹಜವಾಗಿ ಇರುವುದೇ ಸುಮಾರು 40 ಲಕ್ಷ ಕೋಶ. ಅದಕ್ಕೆ ಹಲವು ಪಟ್ಟು ಕೋಶವನ್ನು ಒಮ್ಮೆಗೇ ಸುರಿದರೆ, ನೀರಿಲ್ಲದ ಮಡಿಯಲ್ಲಿ ಪೈರು ಒತ್ತಾಗಿ ನಾಟಿದಂತೆ, ಇರುವ ಅಲ್ಪಸ್ವಲ್ಪ ಗ್ಲೂಕೋಸಿಗೂ ಪೈಪೋಟಿ ಬೀಳುತ್ತದೆ. ಹಾಕಿದ ಕೋಶಗಳು ಹೊಸ ಡಿಸ್ಕ್ ಆಗಿ ಬೆಳೆಯುತ್ತವೆ ಎಂಬ ಹಳೆಯ ನಿರೀಕ್ಷೆಯೂ ಈಗ ತಗ್ಗಿದೆ. ಮೆಸೆಂಕೈಮಲ್ ಕೋಶಗಳು (ಮಜ್ಜೆ, ಕೊಬ್ಬಿನಲ್ಲಿ ಸಿಗುವ ಒಂದು ಬಗೆಯ ಸ್ಟೆಮ್ ಸೆಲ್) ಬದುಕಿರುವಷ್ಟು ದಿನ ಉರಿಯೂತ ತಗ್ಗಿಸುವ ಸಂಕೇತಗಳನ್ನು ಹೊರಬಿಡುತ್ತವೆ, ಮುಖ್ಯ ಕೆಲಸ ಅದೇ ಎಂಬುದು ಇಂದಿನ ತಿಳಿವಳಿಕೆ. ‘ಡಿಸ್ಕ್ ಮತ್ತೆ ಬೆಳೆಯುತ್ತದೆ’ ಎಂದು ಯಾರಾದರೂ ಹೇಳಿದರೆ, ಡಿಸ್ಕ್‌ನ ಎತ್ತರ ಹೆಚ್ಚಿದ್ದನ್ನು ತೋರಿಸುವ, ಹೋಲಿಕೆಗಾಗಿ ಬರೀ ಸಲೈನ್ (ಉಪ್ಪುನೀರು) ಪಡೆದವರೊಂದಿಗೆ ಹೋಲಿಸಿದ ಎಂಆರ್‌ಐ ಅಳತೆ ಕೇಳಿ.

ಮೊದಲು, ನೋವು ಡಿಸ್ಕ್‌ನದೇ?

ಎಂಆರ್‌ಐನಲ್ಲಿ ಸವೆತ ಕಂಡ ಮಾತ್ರಕ್ಕೆ ನೋವಿನ ಮೂಲ ಸಿಕ್ಕಂತಲ್ಲ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಹಾಕಿದ 2015ರ ಒಂದು ದೊಡ್ಡ ವಿಮರ್ಶೆಯಲ್ಲಿ, 20ರ ವಯಸ್ಸಿನವರಲ್ಲಿ ಶೇ 37, 80ರವರಲ್ಲಿ ಶೇ 96 ಮಂದಿಗೆ ಡಿಸ್ಕ್ ಸವೆತ ಇತ್ತು. ‘ಗ್ಯಾಪ್ ಬಂದಿದೆ’ ಎಂಬ ವರದಿ ಹಿಡಿದು ನೇರವಾಗಿ ಸೂಜಿಗೆ ಬೆನ್ನು ಕೊಡುವವರು ಇದನ್ನು ಗಮನಿಸಬೇಕು.

ಡಿಸ್ಕ್ ನೋವು ಸಾಮಾನ್ಯವಾಗಿ ಸೊಂಟದ ನಡುವೆ ಇರುತ್ತದೆ. ಕೂತಾಗ, ಮುಂದೆ ಬಾಗಿದಾಗ, ಕೆಮ್ಮಿದಾಗ ಜಾಸ್ತಿ. ಮೊಣಕಾಲಿನ ಕೆಳಗೆ ಪಾದದವರೆಗೆ ಎಳೆಯುವ ನೋವೇ ಮುಖ್ಯವಾಗಿದ್ದರೆ ಅದು ನರ ಒತ್ತಿದ ಸಯಾಟಿಕಾ; ಅದಕ್ಕೆ ಕೋಶ ಚಿಕಿತ್ಸೆ ಉತ್ತರವಲ್ಲ, ಬಹುಪಾಲು ಸಯಾಟಿಕಾ ಕೆಲವು ವಾರಗಳಿಂದ ಕೆಲವು ತಿಂಗಳಲ್ಲಿ ತಾನಾಗಿ ಇಳಿಯುತ್ತದೆ. ಮೂತ್ರ ಕಟ್ಟುವುದು, ಮಲದ ಹಿಡಿತ ತಪ್ಪುವುದು, ತೊಡೆಸಂದು ಜೋಮು ಹಿಡಿಯುವುದು, ಪಾದ ಎತ್ತಲಾಗದಿರುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಸವೆತವನ್ನು ಫಿರ್ಮನ್ ದರ್ಜೆಯಲ್ಲಿ 1ರಿಂದ 5ರವರೆಗೆ ಅಳೆಯುತ್ತಾರೆ. ಎಂಆರ್‌ಐನ ಟಿ2 ಚಿತ್ರದಲ್ಲಿ 1ನೇ ದರ್ಜೆಯ ತಿರುಳು ಬೆಳ್ಳಗೆ ಹೊಳೆಯುತ್ತದೆ, 5ನೆಯದು ಕಪ್ಪಾಗಿ ಕುಸಿದಿರುತ್ತದೆ. ಕೋಶ ಚಿಕಿತ್ಸೆಯ ಟ್ರಯಲ್‌ಗಳು ಹೆಚ್ಚಾಗಿ ತೆಗೆದುಕೊಳ್ಳುವುದು 3 ಮತ್ತು 4ನೇ ದರ್ಜೆಯವರನ್ನು: ಒಂದು ಅಥವಾ ಎರಡು ಡಿಸ್ಕ್, ಎತ್ತರ ಅರ್ಧಕ್ಕಿಂತ ಹೆಚ್ಚು ಉಳಿದಿರಬೇಕು, ಕನಿಷ್ಠ ಆರು ತಿಂಗಳು ವ್ಯಾಯಾಮ ಮತ್ತು ಔಷಧ ಮಾಡಿಯೂ ನೋವು ಇಳಿದಿರಬಾರದು. 5ನೇ ದರ್ಜೆಯಲ್ಲಿ ಕೋಶಕ್ಕೆ ಜಾಗವೂ ಇಲ್ಲ, ಆಹಾರವೂ ಇಲ್ಲ. ಹೊರ ಉಂಗುರ ಪೂರ್ತಿ ಹರಿದಿದ್ದರೆ ಹಾಕಿದ್ದು ಸೋರಿ ಹೊರಬರುತ್ತದೆ. ಮೊಲಗಳ ಮೇಲಿನ ಒಂದು ಪ್ರಯೋಗದಲ್ಲಿ ಹೀಗೆ ಸೋರಿದ ಕೋಶಗಳಿರುವೆಡೆ ಮೂಳೆಯ ಮುಳ್ಳುಗಳು ಬೆಳೆದಿದ್ದವು.

ಸಿರಿಂಜಿನೊಳಗಿನ ಆಯ್ಕೆಗಳು

ಪಿಆರ್‌ಪಿ: ಕೋಶ ಚಿಕಿತ್ಸೆ ಎಂದು ಕರೆಯುವುದೇ ತಪ್ಪು, ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವೇ ಇಲ್ಲ, ಸ್ಟೆಮ್ ಸೆಲ್ ಅಂತೂ ಅಲ್ಲವೇ ಅಲ್ಲ. 30–60 ಮಿಲಿ ರಕ್ತ ತೆಗೆದು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ 3–5 ಮಿಲಿ ಮಾಡುತ್ತಾರೆ, ಅದರಲ್ಲಿ ಡಿಸ್ಕ್‌ಗೆ ಹೋಗುವುದು 1–2 ಮಿಲಿ. ಮೈಕ್ರೋಲೀಟರಿಗೆ 1.5ರಿಂದ 4.5 ಲಕ್ಷ ಇರುವ ಪ್ಲೇಟ್‌ಲೆಟ್ ಸಾಂದ್ರತೆ ನಾಲ್ಕೈದು ಪಟ್ಟು ಏರಬೇಕು. ಏರಿತೇ ಎಂದು ಎಣಿಸಿ ನೋಡುವವರು ಕಡಿಮೆ. ತಯಾರಿಸಿದ ಪಿಆರ್‌ಪಿಯ ಎಣಿಕೆ ಬರೆದುಕೊಡಿ ಎಂದು ಕೇಳುವುದು ನಿಮ್ಮ ಹಕ್ಕು. 2016ರಲ್ಲಿ ಪ್ರಕಟವಾದ 47 ಮಂದಿಯ ಪರೀಕ್ಷೆಯಲ್ಲಿ 8 ವಾರಕ್ಕೆ ಲಾಭ ಕಂಡಿತು. ಸಲೈನ್ ಜೊತೆ ಹೋಲಿಸಿದ 2022ರ ಸಣ್ಣ ಪರೀಕ್ಷೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಸಾಂದ್ರ ಮಜ್ಜೆ, ಅಂದರೆ ಬಿಎಂಎಸಿ: ಸೊಂಟದ ಹಿಂಬದಿಯ ಮೂಳೆ ಏಣಿನಿಂದ 50–60 ಮಿಲಿ ಮಜ್ಜೆ ಹೀರಿ 6–7 ಮಿಲಿಗೆ ಇಳಿಸುತ್ತಾರೆ. ಇದರ ಗುಣಮಟ್ಟ ಯಂತ್ರಕ್ಕಿಂತ ಹೆಚ್ಚಾಗಿ ಕೈಚಳಕದ ಮೇಲೆ ನಿಂತಿದೆ. ಒಂದೇ ಜಾಗದಿಂದ ದೊಡ್ಡ ಸಿರಿಂಜಿನಲ್ಲಿ ಒಂದೇ ಸಮನೆ ಎಳೆದರೆ ಮೊದಲ ಕೆಲವು ಮಿಲಿಯ ನಂತರ ಬರುವುದು ಬಹುಪಾಲು ರಕ್ತವೇ. ಸಣ್ಣ ಸಿರಿಂಜಿನಲ್ಲಿ ಒಂದೊಂದು ಜಾಗದಿಂದ ಸ್ವಲ್ಪ ಸ್ವಲ್ಪ ಎಳೆದು ಸೂಜಿಯ ದಿಕ್ಕು ಬದಲಿಸುತ್ತ ಹೋಗಬೇಕು. ಮಜ್ಜೆಯ ಕೋಶಗಳಲ್ಲಿ ಮೆಸೆಂಕೈಮಲ್ ಕೋಶ 10 ಸಾವಿರಕ್ಕೆ ಒಂದು, ಕೆಲವರಲ್ಲಿ ಲಕ್ಷಕ್ಕೆ ಒಂದು. 26 ಮಂದಿಯ ಒಂದು ಅಮೆರಿಕನ್ ಅಧ್ಯಯನದಲ್ಲಿ, ಮಿಲಿಗೆ 2,000ಕ್ಕಿಂತ ಹೆಚ್ಚು ಕೋಶ-ಗುಂಪು ಬೆಳೆಸಬಲ್ಲ ಮಜ್ಜೆ ಇದ್ದವರಿಗೆ ಹೆಚ್ಚು ಲಾಭವಾಯಿತು. ಆದರೆ ಹೋಲಿಸಲು ಸಲೈನ್ ಗುಂಪು ಇರಲಿಲ್ಲ. 2 ಮಿಲಿ ಬಿಎಂಎಸಿಯಲ್ಲಿ ಅಂಥ ಕೋಶ ಕೆಲವು ಸಾವಿರ, ಟ್ರಯಲ್‌ಗಳ ಸೀಸೆಯಲ್ಲಿ 60 ಲಕ್ಷ. ಎರಡನ್ನೂ ಒಂದೇ ಹೆಸರಿನಲ್ಲಿ ಕರೆಯುವುದು ಹೇಗೆ?

ಕೊಬ್ಬಿನಿಂದ ತೆಗೆದದ್ದು: ಲಿಪೋಸಕ್ಷನ್ ಮಾಡಿ ಕೊಲಾಜಿನೇಸ್ ಕಿಣ್ವದಿಂದ ಕರಗಿಸಿ ಬೇರ್ಪಡಿಸುತ್ತಾರೆ. ಕಿಣ್ವದ ಶೇಷ ಉಳಿಯಬಹುದು, ಒಂದು ಹೆಚ್ಚಿನ ಶಸ್ತ್ರಕ್ರಿಯೆಯ ಅಪಾಯವೂ ಸೇರುತ್ತದೆ, ಡಿಸ್ಕ್‌ನಲ್ಲಿ ಪುರಾವೆ ತೀರಾ ತೆಳು. ಇದನ್ನು ಆರಿಸಲು ನಮಗೆ ಕಾರಣ ಕಾಣುವುದಿಲ್ಲ.

ಹೊಕ್ಕುಳಬಳ್ಳಿಯ ಉತ್ಪನ್ನಗಳ ವಿಷಯದಲ್ಲಿ ಮಾತು ಇನ್ನೂ ಖಚಿತವಾಗಿರಲಿ: ಟ್ರಯಲ್ ಹೊರಗೆ ಬೇಡ. 2018ರಲ್ಲಿ ಅಮೆರಿಕದ ಮೂರು ರಾಜ್ಯಗಳಲ್ಲಿ ಹೊಕ್ಕುಳಬಳ್ಳಿ ರಕ್ತದ ಉತ್ಪನ್ನ ಚುಚ್ಚಿಸಿಕೊಂಡ 12 ಮಂದಿ ಬ್ಯಾಕ್ಟೀರಿಯಾ ಸೋಂಕಿನಿಂದ ಆಸ್ಪತ್ರೆ ಸೇರಿದರು. ಸೀಸೆಗಳಲ್ಲೇ ಕ್ರಿಮಿ ಇತ್ತು.

ರೋಗಿಯದೇ ಕೋಶ ಬೆಳೆಸಿ ಹಾಕುವುದು: ಮಜ್ಜೆ ತೆಗೆದು 3–4 ವಾರ ಲ್ಯಾಬಿನಲ್ಲಿ ಬೆಳೆಸಬೇಕು. ಸ್ಪೇನಿನಲ್ಲಿ 10 ರೋಗಿಗಳ ಮೇಲೆ ನಡೆದ ಅಧ್ಯಯನ 2011ರಲ್ಲಿ ಬಂತು: ನೋವು ಇಳಿಯಿತು, ತಿರುಳಿನ ನೀರಿನಂಶ ಏರಿತು, ಎತ್ತರ ಮಾತ್ರ ಮರಳಲಿಲ್ಲ. ಜಪಾನಿನ ಟೋಕಾಯ್ ವಿಶ್ವವಿದ್ಯಾಲಯದಲ್ಲಿ ರೋಗಿಯ ತಿರುಳಿನ ಕೋಶವನ್ನೇ ಮಜ್ಜೆಯ ಕೋಶದ ಜೊತೆ ಬೆಳೆಸಿ 10 ಲಕ್ಷದಂತೆ 9 ಮಂದಿಗೆ ಮರಳಿಸಿದರು. ಮೂರು ವರ್ಷದಲ್ಲಿ ತೊಂದರೆ ಕಾಣಲಿಲ್ಲ. ಸುರಕ್ಷತೆಗೆ ಒಳ್ಳೆಯ ಸೂಚನೆ ಇದು, ಗುಣಕ್ಕೆ ಪುರಾವೆ ಅಲ್ಲ.

ದಾನಿ ಕೋಶ: ನಿಜವಾದ ಹೋಲಿಕೆ ನಡೆದದ್ದು ಇಲ್ಲಿ

ದಾನಿಯ ಮಜ್ಜೆಯಿಂದ ಬೆಳೆಸಿದ ಕೋಶದಲ್ಲಿ ಅತಿ ದೊಡ್ಡ ಪರೀಕ್ಷೆ ಮೆಸೋಬ್ಲಾಸ್ಟ್ ಕಂಪನಿಯದು, 404 ರೋಗಿಗಳು. 60 ಲಕ್ಷ ಕೋಶವನ್ನು ಒಂದು ಗುಂಪಿಗೆ ಹಾಗೆಯೇ, ಇನ್ನೊಂದಕ್ಕೆ ಹೈಯಲುರಾನಿಕ್ ಆಮ್ಲ ಎಂಬ ಲೋಳೆ ದ್ರವದ ಜೊತೆ ಕೊಟ್ಟರು, ಮೂರನೆಯದಕ್ಕೆ ಬರೀ ಸಲೈನ್. 2021ರ ಫಲಿತಾಂಶದಲ್ಲಿ ಮೊದಲೇ ನಿಗದಿಪಡಿಸಿದ ಮುಖ್ಯ ಗುರಿ ಮುಟ್ಟಲಿಲ್ಲ. ಹೈಯಲುರಾನಿಕ್ ಆಮ್ಲದ ಜೊತೆ ಪಡೆದವರಲ್ಲಿ ನೋವು ಸಲೈನ್ ಗುಂಪಿಗಿಂತ ಹೆಚ್ಚು ಇಳಿದದ್ದು ಕಂಡಿತು. ಅದೇ ಆಧಾರದ ಮೇಲೆ, 12 ತಿಂಗಳ ನೋವನ್ನೇ ಗುರಿಯಾಗಿಟ್ಟು ಇನ್ನೊಂದು ಮೂರನೇ ಹಂತದ ಪರೀಕ್ಷೆ ಶುರುವಾಗಿದೆ.

ಯುರೋಪಿನ ರೆಸ್ಪೈನ್ ಪರೀಕ್ಷೆ 114 ಮಂದಿಯದು, 2 ಕೋಟಿ ಕೋಶ. 2024ರಲ್ಲಿ ಪ್ರಕಟವಾದಂತೆ ಹುಸಿ ಚಿಕಿತ್ಸೆಗಿಂತ ಮೇಲು ಎಂದು ಸಾಬೀತಾಗಲಿಲ್ಲ. ಸುರಕ್ಷತೆಯಲ್ಲಿ ದೊಡ್ಡ ತೊಂದರೆ ಇರಲಿಲ್ಲ. 2017ರ ಸ್ಪೇನಿನ 24 ಮಂದಿಯ ಪರೀಕ್ಷೆಯಲ್ಲಿ 2.5 ಕೋಟಿ ಕೋಶ ಪಡೆದವರಲ್ಲಿ ಸುಮಾರು ಶೇ 40ರಷ್ಟು ಮಂದಿಗೆ ಚೆನ್ನಾಗಿ ಗುಣ ಕಂಡಿತ್ತು. ಅಲ್ಲಿ ಹೋಲಿಕೆಯ ಗುಂಪಿಗೆ ಚುಚ್ಚಿದ್ದು ಡಿಸ್ಕ್‌ಗಲ್ಲ, ಬೆನ್ನಿನ ಸ್ನಾಯುವಿಗೆ. ಈ ವ್ಯತ್ಯಾಸ ಸಣ್ಣದಲ್ಲ. ಡಿಸ್ಕ್‌ಗೆ ಬರೀ ಸಲೈನ್ ಹಾಕಿದರೂ ಅನೇಕರಿಗೆ ನೋವು ಇಳಿಯುತ್ತದೆ: ಉರಿಯೂತದ ರಾಸಾಯನಿಕ ತೆಳುವಾಗಬಹುದು, ನಿರೀಕ್ಷೆಯೂ ಕೆಲಸ ಮಾಡುತ್ತದೆ, ನೋವು ತೀರಾ ಹೆಚ್ಚಿದ್ದಾಗ ಬಂದವರಿಗೆ ಹೇಗೂ ಸ್ವಲ್ಪ ಇಳಿಯುತ್ತದೆ. ಹಾಗಾಗಿ ‘ನಮ್ಮಲ್ಲಿ ನೂರಕ್ಕೆ ಇಷ್ಟು ಮಂದಿ ಗುಣವಾದರು’ ಎಂಬ ಲೆಕ್ಕಕ್ಕೆ ಸಲೈನ್ ಗುಂಪಿಲ್ಲದೆ ಬೆಲೆ ಇಲ್ಲ.

ಡಿಸ್ಕ್‌ನ ತಿರುಳಿನಿಂದಲೇ ಬೆಳೆಸಿದ ದಾನಿ ಕೋಶ ಡಿಸ್ಕ್‌ಜೆನಿಕ್ಸ್ ಕಂಪನಿಯದು. 60 ಮಂದಿಯ ಪರೀಕ್ಷೆಯಲ್ಲಿ 30 ಲಕ್ಷ ಮತ್ತು 90 ಲಕ್ಷದ ಎರಡು ಪ್ರಮಾಣ ನೋಡಿದರು. ಲಾಭ ಕಂಡದ್ದು ಹೆಚ್ಚಿನ ಪ್ರಮಾಣದಲ್ಲಿ. ಆ ಹುಳಿ ನೆಲೆಗೆ ಹೊಂದಿಕೊಂಡ ಕೋಶ ಎಂಬ ತರ್ಕ ನಮಗೆ ಎಲ್ಲಕ್ಕಿಂತ ಒಪ್ಪುವಂಥದ್ದು, ಆದರೆ 60 ಮಂದಿ ಕಡಿಮೆ. ದಾನಿ ಕೋಶದ ಇನ್ನೊಂದು ಸೂಕ್ಷ್ಮ: ಕೆಲವರ ದೇಹ ದಾನಿಯ ಕೋಶದ ಮೇಲಿರುವ, ತನ್ನದೋ ಪರರದೋ ಎಂದು ತಿಳಿಸುವ ಎಚ್‌ಎಲ್‌ಎ ಗುರುತಿನ ವಿರುದ್ಧ ಪ್ರತಿಕಾಯ ಬೆಳೆಸುತ್ತದೆ. ಮುಂದೆ ಕಿಡ್ನಿ ಕಸಿ ಬೇಕಾಗಬಹುದಾದವರು ಇದನ್ನು ಮೊದಲೇ ಚರ್ಚಿಸಬೇಕು.

ಸೂಜಿ ಹೋಗುವ ದಾರಿ, ಕೆಡುವ ದಾರಿ

ರೋಗಿ ಬೋರಲು ಮಲಗುತ್ತಾರೆ, ಹೊಟ್ಟೆಯ ಕೆಳಗೆ ದಿಂಬು. ಸುಮಾರು ಅರ್ಧ ಗಂಟೆ ಮೊದಲು ಸೆಫಜೋಲಿನ್‌ನಂಥ ಆಂಟಿಬಯಾಟಿಕ್ ಅನ್ನು ರಕ್ತನಾಳಕ್ಕೆ ಕೊಟ್ಟಿರುತ್ತಾರೆ. ಸಿ-ಆರ್ಮ್ ಎಕ್ಸ್‌ರೇಯನ್ನು ಓರೆಯಾಗಿ ತಿರುಗಿಸಿ, ನರದ ಬೇರನ್ನು ತಪ್ಪಿಸಿ, ಬದಿಯಿಂದ 18 ಗೇಜಿನ ಹೊರಸೂಜಿ, ಅದರೊಳಗಿಂದ 22 ಅಥವಾ 25 ಗೇಜಿನ ಉದ್ದ ಸೂಜಿ ತೂರಿಸುತ್ತಾರೆ. ಚರ್ಮ ಮುಟ್ಟಿದ ಸೂಜಿ ತಿರುಳಿಗೆ ತಾಗಬಾರದೆಂದೇ ಈ ಎರಡು ಸೂಜಿ. ಸೊಂಟದ ಕೊನೆಯ ಡಿಸ್ಕ್ ಇರುವ ಎಲ್5–ಎಸ್1 ಮಟ್ಟದಲ್ಲಿ ಸೊಂಟದ ಮೂಳೆ ಅಡ್ಡ ಬರುವುದರಿಂದ ಒಳಸೂಜಿಯ ತುದಿ ಸ್ವಲ್ಪ ಬಾಗಿರಬೇಕು. ಮುಂದಿನಿಂದಲೂ ಬದಿಯಿಂದಲೂ ಎಕ್ಸ್‌ರೇ ತೆಗೆದು ತುದಿ ನಡುವಿನಲ್ಲಿದೆ ಎಂದು ಖಚಿತವಾದ ಮೇಲೆ 1–2 ಮಿಲಿ ನಿಧಾನವಾಗಿ ಬಿಡುತ್ತಾರೆ. ಒತ್ತಡ ಏರಿದರೆ ನಿಲ್ಲಿಸಬೇಕು, ಒತ್ತಿ ತುಂಬಿದರೆ ಉಂಗುರ ಸೀಳುತ್ತದೆ.

ಲಿಡೋಕೇನ್, ಬುಪಿವಕೇನ್‌ನಂಥ ಮರಗಟ್ಟಿಸುವ ಔಷಧಗಳು ಕೋಶಕ್ಕೆ ವಿಷ. ಅವು ಚರ್ಮ, ಸ್ನಾಯುವಿಗೆ ಮಾತ್ರ. ಕೋಶದ ಸಿರಿಂಜಿಗೆ ಬೆರೆಸುವ ಕಡೆ ಬದುಕಿದ ಕೋಶ ಎಷ್ಟು ಒಳಹೋಯಿತೆಂದು ಯಾರೂ ಹೇಳಲಾರರು. ಹೆಪ್ಪುಗಟ್ಟಿಸಿದ ಸೀಸೆಯನ್ನು 37 ಡಿಗ್ರಿಯ ನೀರಿನಲ್ಲಿ ಬೇಗ ಕರಗಿಸಿ, ಬದುಕಿದ ಕೋಶಗಳ ಪ್ರಮಾಣ ಎಣಿಸಿ, ತಡಮಾಡದೆ ಬಳಸಬೇಕು. ಸಾಮಾನ್ಯವಾಗಿ ಶೇ 70ಕ್ಕಿಂತ ಕಡಿಮೆ ಇದ್ದರೆ ಆ ಸೀಸೆ ಬಿಡಬೇಕು.

ಸೂಜಿಯೇ ಒಂದು ಗಾಯ ಎಂಬುದನ್ನು ಮರೆಯುವಂತಿಲ್ಲ. ಬಣ್ಣದ್ರವ ಹಾಕಿ ಪರೀಕ್ಷಿಸಿದ ಡಿಸ್ಕ್‌ಗಳನ್ನು ಹತ್ತು ವರ್ಷದ ನಂತರ ನೋಡಿದ 2009ರ ಅಧ್ಯಯನದಲ್ಲಿ ಶೇ 35ರಷ್ಟು ಸವೆತ ಮುಂದುವರಿದಿತ್ತು, ಚುಚ್ಚದವರಲ್ಲಿ ಶೇ 14. ಆದ್ದರಿಂದ ‘ಲಾಭವಾಗದಿದ್ದರೂ ನಷ್ಟವಿಲ್ಲ’ ಎಂಬ ಮಾತು ಸುಳ್ಳು, ‘ಪಕ್ಕದ ಚೆನ್ನಾಗಿರುವ ಡಿಸ್ಕ್‌ಗೂ ಮುಂಜಾಗ್ರತೆಗೆ ಹಾಕೋಣ’ ಎಂಬುದು ಅದಕ್ಕಿಂತ ಕೆಟ್ಟ ಸಲಹೆ.

ಭಾರತದಲ್ಲಿ ಇರುವ ದಾರಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿಯಂತೆ, ರಕ್ತದ ಕಾಯಿಲೆಗಳ ಮಜ್ಜೆ ಕಸಿ ಹಾಗೂ ಒಪ್ಪಿಗೆ ಪಡೆದ ಉತ್ಪನ್ನ ಬಿಟ್ಟು ಬೇರೆ ಸ್ಟೆಮ್ ಸೆಲ್ ಬಳಕೆ ಟ್ರಯಲ್ ಒಳಗೇ ನಡೆಯಬೇಕು. ರೋಗಿಯದೇ ಕೋಶ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ದಾನಿ ಮಜ್ಜೆಯಿಂದ ತಯಾರಿಸುವ ಸ್ಟೆಂಪ್ಯೂಸೆಲ್‌ಗೆ ಕಾಲಿನ ರಕ್ತಸಂಚಾರ ಕಟ್ಟುವ ಕಾಯಿಲೆಗೆ 2020ರಲ್ಲಿ, ಮಂಡಿ ಸವೆತಕ್ಕೆ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಆ ಒಪ್ಪಿಗೆ ಡಿಸ್ಕ್‌ಗಲ್ಲ. ಮಂಡಿಯಲ್ಲಿ ಕೆಲಸ ಮಾಡಿದ್ದು ಬೆನ್ನಿನಲ್ಲೂ ಮಾಡುತ್ತದೆ ಎಂದುಕೊಳ್ಳಲು ಆಗುವುದಿಲ್ಲ, ಕೀಲಿನ ಪೊರೆಗೆ ಇರುವ ರಕ್ತ ತಿರುಳಿಗೆ ಇಲ್ಲವಲ್ಲ.

ಟ್ರಯಲ್ ಎಂದು ಹೇಳಿದರೆ ಸಿಟಿಆರ್‌ಐ (ಭಾರತದ ಟ್ರಯಲ್‌ಗಳ ಸರ್ಕಾರಿ ದಾಖಲೆ) ನೋಂದಣಿ ಸಂಖ್ಯೆ ಕೇಳಿ. ಅದರಲ್ಲಿ ವರ್ಷ, ತಿಂಗಳು, ಕ್ರಮಸಂಖ್ಯೆ ಇರುತ್ತದೆ, ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು. ನೋಂದಣಿಯಲ್ಲಿ ಬರೆದ ಕಾಯಿಲೆ, ಕೋಶದ ಮೂಲ, ಪ್ರಮಾಣ, ಆಸ್ಪತ್ರೆಯ ಹೆಸರು ನಿಮಗೆ ಹೇಳಿದ್ದಕ್ಕೆ ತಾಳೆಯಾಗಬೇಕು. ಸಂಶೋಧನೆಯ ವೆಚ್ಚವನ್ನು ರೋಗಿಯಿಂದ ವಸೂಲಿ ಮಾಡುವಂತಿಲ್ಲ. ಟ್ರಯಲ್‌ನಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ 2019ರ ನಿಯಮಗಳಲ್ಲಿದೆ. ದುಡ್ಡು ಕೇಳುವ ‘ಟ್ರಯಲ್’ ಎಂದರೆ ಎದ್ದು ಬನ್ನಿ.

ಹಾಗಾದರೆ ಆರಿಸುವುದು ಹೇಗೆ

ಆರು ತಿಂಗಳ ಸರಿಯಾದ ವ್ಯಾಯಾಮ ಇನ್ನೂ ಮಾಡಿಲ್ಲದವರಿಗೆ ಮೇಲಿನ ಯಾವುದೂ ಬೇಡ. ಹತ್ತು ದಿನದ ಕರೆಂಟ್ ಶಾಖ ವ್ಯಾಯಾಮವಲ್ಲ. ವಾರಕ್ಕೆ ಮೂರು ದಿನದಂತೆ ಬೆನ್ನು, ಹೊಟ್ಟೆ, ಪೃಷ್ಠದ ಸ್ನಾಯುಗಳನ್ನು ಹಂತಹಂತವಾಗಿ ಬಲಪಡಿಸುವುದು ವ್ಯಾಯಾಮ. 349 ಮಂದಿಯ ಬ್ರಿಟಿಷ್ ಪರೀಕ್ಷೆಯಲ್ಲಿ (2005) ತೀವ್ರ ವ್ಯಾಯಾಮ ತರಬೇತಿಗೂ ಮೂಳೆ ಬೆಸೆಯುವ ಆಪರೇಷನ್‌ಗೂ ಫಲಿತಾಂಶದಲ್ಲಿ ದೊಡ್ಡ ಅಂತರವೇ ಕಾಣಲಿಲ್ಲ.

ಎಂಆರ್‌ಐ ವರದಿಯಲ್ಲಿ ‘ಮೋಡಿಕ್ 1’ ಅಥವಾ ‘2’ (ಡಿಸ್ಕ್ ಪಕ್ಕದ ಮೂಳೆಯ ಮಜ್ಜೆಯಲ್ಲಿ ಆದ ಬದಲಾವಣೆ) ಎಂದಿದ್ದರೆ ನೋವಿನ ಮೂಲ ಕಶೇರುಮೂಳೆಯ ಒಳಗೇ ಇರಬಹುದು. ಅಲ್ಲಿಯ ನರವನ್ನು ಬಿಸಿಯಿಂದ ನಿಷ್ಕ್ರಿಯಗೊಳಿಸುವ ವಿಧಾನಕ್ಕೆ ಸದ್ಯ ಕೋಶಗಳಿಗಿಂತ ಗಟ್ಟಿ ಪುರಾವೆ ಇದೆ. ಡಿಸ್ಕ್‌ಗೆ ಸ್ಟಿರಾಯ್ಡ್ ಹಾಕಿದರೆ ಒಂದು ತಿಂಗಳಿಗೆ ಲಾಭ, ವರ್ಷಕ್ಕೆ ಇಲ್ಲ. 3–4ನೇ ದರ್ಜೆಯ ಒಂದು ಡಿಸ್ಕ್, ವ್ಯಾಯಾಮ ಮಾಡಿಯೂ ಇಳಿಯದ ನೋವು, ಸಿಗರೇಟು ಬಿಟ್ಟವರು, ಸಕ್ಕರೆ ಹಿಡಿತದಲ್ಲಿರುವವರು: ಇಂಥವರಿಗೆ ನೋಂದಾಯಿತ ದಾನಿ ಕೋಶ ಟ್ರಯಲ್ ಒಳ್ಳೆಯ ಆಯ್ಕೆ, ಸಲೈನ್ ಗುಂಪಿಗೆ ಬೀಳಬಹುದು ಎಂಬುದನ್ನು ಒಪ್ಪಿಕೊಂಡೇ. ಟ್ರಯಲ್ ಸಿಗದೆ ಏನಾದರೂ ಮಾಡಲೇಬೇಕೆನ್ನುವವರಿಗೆ ಪಿಆರ್‌ಪಿ ಕಡಿಮೆ ಹಾನಿಯದು, ಸೂಜಿಯ ಅಪಾಯ ಮಾತ್ರ ಅಷ್ಟೇ ಇದೆ. ಕ್ಯಾನ್ಸರ್, ಸೋಂಕು, ಗರ್ಭ ಇದ್ದವರಿಗೆ, ಬೆನ್ನುಮೂಳೆ ಜಾರಿ ಅಲುಗಾಡುವವರಿಗೆ, ರಕ್ತ ತೆಳುಗೊಳಿಸುವ ಔಷಧ ನಿಲ್ಲಿಸಲಾಗದವರಿಗೆ ಯಾವುದೂ ಬೇಡ.

ಇಂಜೆಕ್ಷನ್ ಆದ ಮೇಲೆ ಮೂರರಿಂದ ಏಳು ದಿನ ನೋವು ಹೆಚ್ಚಾಗುವುದು ಸಹಜ; ಪ್ಯಾರಸಿಟಮಾಲ್ ಸಾಕು. ಪಿಆರ್‌ಪಿ ಆಗಿದ್ದರೆ ಐಬುಪ್ರೊಫೇನ್, ಡೈಕ್ಲೋಫೆನಾಕ್ ಬೇಡ, ಅವು ಪ್ಲೇಟ್‌ಲೆಟ್‌ನ ಕೆಲಸ ತಡೆಯುತ್ತವೆ. ನಾಲ್ಕು ವಾರ ಬಾಗಿ ಎತ್ತುವುದು, ಬೈಕಿನಲ್ಲಿ ದೂರ ಹೋಗುವುದು ನಿಲ್ಲಿಸಿ, ನಡಿಗೆ ಮೊದಲ ವಾರದಿಂದಲೇ ಶುರುಮಾಡಿ. ಇಳಿದ ನೋವು ಒಂದರಿಂದ ನಾಲ್ಕು ವಾರದೊಳಗೆ ಮತ್ತೆ ಏರಿ, ರಾತ್ರಿ ಮಗ್ಗುಲು ಬದಲಿಸಲೂ ಆಗದಷ್ಟಾದರೆ ಡಿಸ್ಕ್ ಸೋಂಕು ಎಂದೇ ಭಾವಿಸಿ, ಜ್ವರ ಇಲ್ಲದಿದ್ದರೂ. ಉರಿಯೂತ ತೋರಿಸುವ ರಕ್ತಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ, ಜೊತೆಗೆ ಕಾಂಟ್ರಾಸ್ಟ್ ಹಾಕಿದ ಎಂಆರ್‌ಐ ಬೇಕು; ಸೋಂಕು ಖಚಿತವಾದರೆ ಸುಮಾರು ಆರು ವಾರದ ಆಂಟಿಬಯಾಟಿಕ್. ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ಮಾತ್ರೆ ಶುರುಮಾಡುವ ಮುನ್ನ ರಕ್ತದ ಕಲ್ಚರ್‌ಗೆ ಕೊಡಿ. ಮಾತ್ರೆ ಮೊದಲಾದರೆ ಯಾವ ಕ್ರಿಮಿ ಎಂದು ಹಿಡಿಯುವುದು ಕಷ್ಟವಾಗುತ್ತದೆ.